ದೋಷ ಆಯಿಲ್‌ನದ್ದೋ ಎಂಜಿನ್‌ನದ್ದೋ? ಡೀಸೆಲ್ ಪಿಕಪ್‌ಗೆ ಮಿನರಲ್ ಅಥವಾ ಸಿಂಥೆಟಿಕ್ ಆರಿಸುವ ಮುನ್ನ

ಡೀಸೆಲ್ ಪಿಕಪ್‌ಗೆ ಮಿನರಲ್ ಆಯಿಲ್ ಹಾಕಿಸಬೇಕೋ ಸಿಂಥೆಟಿಕ್ ಹಾಕಿಸಬೇಕೋ ಎಂದು ಕೇಳುವವರ ಬಳಿ ಬಹುಮಟ್ಟಿಗೆ ಒಂದು ದೂರು ಇದ್ದೇ ಇರುತ್ತದೆ. ಬೆಳಗಿನ ಚಳಿಯಲ್ಲಿ ಗಾಡಿ ಬೇಗ ಸ್ಟಾರ್ಟ್ ಆಗುವುದಿಲ್ಲ. ಬಿಸಿಯಾದ ಮೇಲೆ ಆಯಿಲ್ ಪ್ರೆಷರ್‌ನ ಮುಳ್ಳು ಕೆಳಗಿಳಿಯುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಕುಸಿಯುತ್ತಿದೆ, ಅಥವಾ ವಿಚಿತ್ರವಾಗಿ ಏರುತ್ತಿದೆ. ದುಬಾರಿ ಆಯಿಲ್ ಹಾಕಿದರೆ ಎಲ್ಲ ಸರಿಹೋಗಬಹುದು ಎಂಬ ಆಸೆಯೇ ಆಗ ಪ್ರಶ್ನೆಯಾಗಿ ಹೊರಬರುತ್ತದೆ. ಕೆಲವು ದೂರುಗಳಿಗೆ ಅದು ನಿಜಕ್ಕೂ ಮದ್ದು. ಇನ್ನು ಕೆಲವಕ್ಕೆ ರೋಗವನ್ನು ಒಂದೆರಡು ತಿಂಗಳು ಮುಚ್ಚಿಡುವ ಪರದೆ. ಯಾವುದಕ್ಕೆ ಯಾವುದು ಎಂಬುದನ್ನು ಬೇರ್ಪಡಿಸುವುದು ಈ ಕೈಪಿಡಿಯ ಕೆಲಸ.

ಡಬ್ಬದ ಮೇಲೆ ಓದಬೇಕಾದದ್ದು ಮೂರು ಸಂಗತಿ, ಅದೂ ಕ್ರಮವಾಗಿ. ಮೊದಲನೆಯದು ಗ್ರೇಡ್, ಅಂದರೆ ಆಯಿಲ್ ಎಷ್ಟು ಗಟ್ಟಿ ಅಥವಾ ತೆಳು ಎಂಬುದು: 15ಡಬ್ಲ್ಯು-40, 5ಡಬ್ಲ್ಯು-40, 10ಡಬ್ಲ್ಯು-30 ಇತ್ಯಾದಿ. ಎರಡನೆಯದು ಗುಣಮಟ್ಟದ ವರ್ಗ: ಅಮೆರಿಕದ ಪೆಟ್ರೋಲಿಯಂ ಸಂಸ್ಥೆ ಎಪಿಐ ಗೊತ್ತುಮಾಡಿದ ಸಿಐ-4, ಸಿಜೆ-4, ಸಿಕೆ-4, ಯುರೋಪಿನ ವಾಹನ ತಯಾರಕರ ಸಂಘವಾದ ಎಸಿಇಎಯ ಸಿ3 ಅಥವಾ ಇ8 (ಹಿಂದೆ ಇ6), ಅದರ ಜೊತೆಗೆ ಗಾಡಿ ತಯಾರಕರ ಸ್ವಂತ ಅನುಮೋದನೆಯ ಸಂಖ್ಯೆ. ಮಿನರಲ್, ಸೆಮಿ ಸಿಂಥೆಟಿಕ್, ಸಿಂಥೆಟಿಕ್ ಎಂಬುದು ಮೂರನೆಯ ಸ್ಥಾನಕ್ಕೆ ಬರುತ್ತದೆ. ಮೊದಲೆರಡು ತಪ್ಪಿದ್ದರೆ ಮೂರನೆಯದು ಎಷ್ಟೇ ಒಳ್ಳೆಯದಿದ್ದರೂ ಉಪಯೋಗವಿಲ್ಲ. ಜಾಹೀರಾತು ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡಿ, ಸಿಂಥೆಟಿಕ್ ಎಂಬ ಒಂದು ಪದವನ್ನು ದಪ್ಪಕ್ಷರದಲ್ಲಿಟ್ಟು ಉಳಿದದ್ದನ್ನು ಹಿಂಬದಿಯ ಸಣ್ಣ ಅಕ್ಷರಗಳಿಗೆ ತಳ್ಳುತ್ತದೆ.

ಆ ಪದದ ವ್ಯಾಪ್ತಿಯೂ ಸಡಿಲವೇ. ಮೂಲ ತೈಲಗಳನ್ನು ಎಪಿಐ ಐದು ಗುಂಪುಗಳಾಗಿ ವಿಂಗಡಿಸಿದೆ. ಮೊದಲ ಎರಡು ಗುಂಪು ಕಚ್ಚಾ ತೈಲದಿಂದ ಶುದ್ಧೀಕರಿಸಿ ಪಡೆದವು, ಮಿನರಲ್ ಎನ್ನುವುದು ಇವನ್ನೇ. ಮೂರನೆಯದು ಕಚ್ಚಾ ತೈಲದಿಂದಲೇ ಬಂದರೂ ಹೈಡ್ರೋಜನ್ ಜೊತೆ ತೀವ್ರ ಸಂಸ್ಕರಣೆಗೆ ಒಳಗಾದದ್ದು. ನಾಲ್ಕನೆಯದು ರಾಸಾಯನಿಕವಾಗಿ ಕಟ್ಟಿದ ಪಾಲಿ ಆಲ್ಫಾ ಓಲೆಫಿನ್. ಐದನೆಯದರಲ್ಲಿ ಎಸ್ಟರ್ ಮುಂತಾದ ಉಳಿದವೆಲ್ಲ ಸೇರುತ್ತವೆ. ಮೂರನೆಯ ಗುಂಪನ್ನು ಸಿಂಥೆಟಿಕ್ ಎಂದು ಕರೆಯಬಹುದೇ ಎಂಬ ವ್ಯಾಜ್ಯ ಅಮೆರಿಕದಲ್ಲಿ ಎರಡು ದೊಡ್ಡ ಆಯಿಲ್ ಕಂಪನಿಗಳ ನಡುವೆ ನಡೆದು, 1999ರಲ್ಲಿ ಕರೆಯಬಹುದು ಎಂಬ ಕಡೆಗೆ ತೀರ್ಮಾನವಾಯಿತು. ಇಂದು ಸಿಂಥೆಟಿಕ್ ಎಂದು ಮಾರಾಟವಾಗುವ ಬಹಳಷ್ಟು ಆಯಿಲ್ ಈ ಮೂರನೆಯ ಗುಂಪಿನದ್ದೇ. ಅದು ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಚೆನ್ನಾಗಿಯೇ ಕೆಲಸ ಮಾಡುತ್ತದೆ. ಆದರೆ ಒಳ್ಳೆಯ ಮಿನರಲ್‌ಗೂ ಸಾಧಾರಣ ಸಿಂಥೆಟಿಕ್‌ಗೂ ನಡುವಿನ ಅಂತರ ಹೆಸರು ಸೂಚಿಸುವಷ್ಟು ದೊಡ್ಡದಲ್ಲ.

ಪರೀಕ್ಷೆಗೆ ಮುನ್ನ

ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಆಯಿಲ್ ಕೆಳಗಿಳಿಯಲು ಕಾಲು ಗಂಟೆಯಾದರೂ ಬಿಟ್ಟು ಮಟ್ಟ ನೋಡಬೇಕು. ಡೀಸೆಲ್ ಪಿಕಪ್‌ಗಳಲ್ಲಿ ಆಯಿಲ್‌ನ ಪ್ರಮಾಣ ದೊಡ್ಡದು. ಫೋರ್ಡ್‌ನ 6.0 ಲೀಟರ್ ಪವರ್ ಸ್ಟ್ರೋಕ್‌ಗೆ ಸುಮಾರು 14 ಲೀಟರ್, ಕಮಿನ್ಸ್ 6.7ಕ್ಕೆ ಸುಮಾರು 11 ಲೀಟರ್ ಬೇಕು. ಇಷ್ಟು ಆಯಿಲ್ ಪೂರ್ತಿ ಇಳಿದು ಚೇಂಬರ್ (ಎಂಜಿನ್ ಅಡಿಯ ಆಯಿಲ್ ತೊಟ್ಟಿ) ಸೇರಲು ಸಮಯ ಹಿಡಿಯುತ್ತದೆ. ಆರಿಸಿದ ಕೂಡಲೇ ಡಿಪ್‌ಸ್ಟಿಕ್ ಎಳೆದು ಕಡಿಮೆಯಿದೆ ಎಂದು ಒಂದು ಲೀಟರ್ ಸುರಿದು, ಮರುದಿನ ಆಯಿಲ್ ಏರಿದೆ ಎಂದು ಗಾಬರಿಯಾಗುವವರು ಕಡಿಮೆಯಿಲ್ಲ. ಪ್ರತಿ ಸಲವೂ ಅದೇ ಜಾಗ, ಅದೇ ಕಾಯುವಿಕೆ ಇದ್ದರೆ ಮಾತ್ರ ಎರಡು ಅಳತೆಗಳನ್ನು ಹೋಲಿಸಬಹುದು.

ಈಗ ಒಳಗಿರುವ ಆಯಿಲ್ ಯಾವುದು, ಎಷ್ಟು ಕಿಲೋಮೀಟರ್ ಹಿಂದೆ ಹಾಕಿದ್ದು, ಫಿಲ್ಟರ್ ಜೊತೆಗೇ ಬದಲಾಗಿತ್ತೇ ಎಂಬುದನ್ನು ಬರೆದಿಟ್ಟುಕೊಳ್ಳಿ. ದೂರು ಶುರುವಾದದ್ದು ಆಯಿಲ್ ಬದಲಾಯಿಸಿದ ಮೇಲೋ ಮುಂಚೆಯೋ ಎಂಬುದು ಇಡೀ ಪರೀಕ್ಷೆಯ ದಿಕ್ಕನ್ನೇ ಬದಲಿಸುತ್ತದೆ.

ಆಯಿಲ್ ಕಪ್ಪಾಗಿದೆ ಎಂಬ ದೂರಿದ್ದರೆ ಅದನ್ನು ಇಲ್ಲಿಯೇ ಬಿಟ್ಟುಬಿಡಿ. ಡೀಸೆಲ್ ಎಂಜಿನ್‌ನಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾಗುವುದು ಸಹಜ. ಮಸಿಯನ್ನು ಗಂಟುಕಟ್ಟಲು ಬಿಡದೆ ತನ್ನೊಳಗೆ ಹರಡಿ ಹಿಡಿದಿಡುವುದೇ ಅದರ ಕೆಲಸ. ಬಣ್ಣ ನೋಡಿ ಆಯಿಲ್‌ನ ಆಯುಸ್ಸು ಹೇಳಲು ಬರುವುದಿಲ್ಲ.

ಚಳಿಯಲ್ಲಿ ಸ್ಟಾರ್ಟ್ ಆಗುವುದಿಲ್ಲ

ಸಿಂಥೆಟಿಕ್‌ನ ವಾದ ಅತ್ಯಂತ ಗಟ್ಟಿಯಾಗಿ ನಿಲ್ಲುವುದು ಇಲ್ಲಿ. ಹಾಗಿದ್ದರೂ ಮೊದಲು ಕಿವಿಗೊಟ್ಟು ಕೇಳಿ: ಸ್ಟಾರ್ಟರ್ ಎಂಜಿನ್ನನ್ನು ನಿಧಾನವಾಗಿ, ಏದುಸಿರುಬಿಟ್ಟಂತೆ ತಿರುಗಿಸುತ್ತಿದೆಯೇ? ಅಥವಾ ಸರಾಗವಾಗಿ ತಿರುಗಿಸಿದರೂ ಎಂಜಿನ್ ಹತ್ತಿಕೊಳ್ಳುತ್ತಿಲ್ಲವೇ?

ನಿಧಾನವಾಗಿ ತಿರುಗುತ್ತಿದ್ದರೆ ಸಂಶಯ ಬ್ಯಾಟರಿ, ಅದರ ಕೇಬಲ್, ಸ್ಟಾರ್ಟರ್, ಆಮೇಲೆ ಆಯಿಲ್‌ನ ಗಟ್ಟಿತನದ ಮೇಲೆ, ಈ ಸರದಿಯಲ್ಲಿ. ಪೂರ್ತಿ ಚಾರ್ಜ್ ಇರುವ ಬ್ಯಾಟರಿ ವಿಶ್ರಾಂತಿಯಲ್ಲಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ದೊಡ್ಡ ಪಿಕಪ್‌ಗಳಲ್ಲಿ ಎರಡು ಬ್ಯಾಟರಿಗಳನ್ನು ಸಮಾನಾಂತರವಾಗಿ ಜೋಡಿಸಿರುತ್ತಾರೆ. ಒಂದು ಸೊರಗಿದರೆ ಇನ್ನೊಂದನ್ನೂ ಎಳೆದು ಕೆಡವುತ್ತದೆ. ಆದ್ದರಿಂದ ಕೇಬಲ್ ಬಿಚ್ಚಿ ಎರಡನ್ನೂ ಬೇರೆಬೇರೆಯಾಗಿ ಅಳೆಯಬೇಕು. ಎರಡೂ ಸರಿಯಿದ್ದು, ಕೇಬಲ್‌ಗಳ ತುದಿಯೂ ಶುಭ್ರವಾಗಿದ್ದು, ಚಳಿ ಹೆಚ್ಚಾದಂತೆ ಮಾತ್ರ ತಿರುಗುವಿಕೆ ನಿಧಾನವಾಗುತ್ತಿದ್ದರೆ ಆಯಿಲ್ ಕಡೆಗೆ ನೋಡಬಹುದು.

ಗ್ರೇಡ್‌ನಲ್ಲಿ ಡಬ್ಲ್ಯುಗೆ ಮುಂಚಿನ ಅಂಕಿ ಚಳಿಗೆ ಸಂಬಂಧಿಸಿದ್ದು. ಎಸ್‌ಎಇ ಮಾನದಂಡದ ಪ್ರಕಾರ 15ಡಬ್ಲ್ಯು ಆಯಿಲ್ ಎಂಜಿನ್ ತಿರುಗಿಸುವಿಕೆಯ ಪರೀಕ್ಷೆಯನ್ನು ಮೈನಸ್ 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಾಸಾಗಬೇಕು, 10ಡಬ್ಲ್ಯು ಮೈನಸ್ 25ರಲ್ಲಿ, 5ಡಬ್ಲ್ಯು ಮೈನಸ್ 30ರಲ್ಲಿ, 0ಡಬ್ಲ್ಯು ಮೈನಸ್ 35ರಲ್ಲಿ. ಮಿನರಲ್ ಡೀಸೆಲ್ ಆಯಿಲ್ ಎಂದರೆ ಹೆಚ್ಚಾಗಿ 15ಡಬ್ಲ್ಯು-40, ಸಿಂಥೆಟಿಕ್ ಎಂದರೆ ಹೆಚ್ಚಾಗಿ 5ಡಬ್ಲ್ಯು-40. ಚಳಿಯಲ್ಲಿ ಕಾಣುವ ವ್ಯತ್ಯಾಸದ ಬಹುಪಾಲು ಈ ಗ್ರೇಡ್‌ನದು. ಅಷ್ಟು ಕೆಳಗಿನ ಗ್ರೇಡ್ ತಲುಪಲು ಒಳ್ಳೆಯ ಮೂಲ ತೈಲ ಬೇಕಾಗುವುದರಿಂದ ಸಿಂಥೆಟಿಕ್‌ಗೆ ಚಳಿಯಲ್ಲಿ ಒಳ್ಳೆಯದೆಂಬ ಹೆಸರು ಬಂದಿದೆ. ವರ್ಷವಿಡೀ ಶೂನ್ಯ ಡಿಗ್ರಿಗಿಂತ ಮೇಲೆಯೇ ಇರುವ ಕಡೆ ಈ ಒಂದು ಕಾರಣಕ್ಕೆ ಸಿಂಥೆಟಿಕ್ ಕೊಳ್ಳುವುದರಲ್ಲಿ ನನಗೆ ಅರ್ಥ ಕಾಣುವುದಿಲ್ಲ. ಮೈನಸ್ 15ರ ಆಚೆಗೆ ಹೋಗುವ ಕಡೆ ಕೊಳ್ಳದಿರುವುದರಲ್ಲೂ ಅರ್ಥವಿಲ್ಲ.

ಸರಾಗವಾಗಿ ತಿರುಗಿಯೂ ಹತ್ತಿಕೊಳ್ಳದಿದ್ದರೆ ಗ್ಲೋ ಪ್ಲಗ್ ಅಥವಾ ಇನ್‌ಟೇಕ್ ಹೀಟರ್ (ಸ್ಟಾರ್ಟ್‌ಗೆ ಮುನ್ನ ಸಿಲಿಂಡರನ್ನು ಅಥವಾ ಒಳಬರುವ ಗಾಳಿಯನ್ನು ಬಿಸಿಮಾಡುವ ಭಾಗಗಳು), ಇಂಧನದ ಒತ್ತಡ, ಚಳಿಗೆ ಮೇಣಗಟ್ಟಿದ ಡೀಸೆಲ್ ಇವನ್ನು ನೋಡಬೇಕು. ಸಾಮಾನ್ಯ ಕಾಮನ್ ರೈಲ್ (ಎಲ್ಲ ಇಂಜೆಕ್ಟರ್‌ಗಳಿಗೂ ಒಂದೇ ಕೊಳವೆಯಿಂದ ಒತ್ತಡದ ಡೀಸೆಲ್ ಹೋಗುವ) ಎಂಜಿನ್‌ನಲ್ಲಿ ಇಲ್ಲಿ ಆಯಿಲ್‌ನ ಪಾತ್ರವಿಲ್ಲ. ಒಂದು ಜಾತಿಯ ಎಂಜಿನ್ ಮಾತ್ರ ಇದಕ್ಕೆ ಅಪವಾದ, ಅದನ್ನು ಬಿಡಿಸಿಯೇ ಹೇಳಬೇಕು.

ಫೋರ್ಡ್ ಪಿಕಪ್‌ಗಳಲ್ಲಿ ಬಂದ 7.3 ಮತ್ತು 6.0 ಲೀಟರ್ ಪವರ್ ಸ್ಟ್ರೋಕ್ ಎಂಜಿನ್‌ಗಳಲ್ಲಿ ಇಂಜೆಕ್ಟರ್‌ಗಳನ್ನು ಒತ್ತುವುದು ಎಂಜಿನ್ ಆಯಿಲ್. ಒಂದು ಹೈ ಪ್ರೆಷರ್ ಪಂಪ್ ಆಯಿಲ್‌ಗೆ ಭಾರಿ ಒತ್ತಡ ಕೊಡುತ್ತದೆ. ಆ ಒತ್ತಡ ಇಂಜೆಕ್ಟರ್ ಒಳಗಿನ ಪಿಸ್ಟನ್ನನ್ನು ತಳ್ಳಿ ಡೀಸೆಲ್ ಸಿಂಪಡಿಸುತ್ತದೆ. ಎಂಜಿನ್ ಹತ್ತಿಕೊಳ್ಳಲು ಈ ಆಯಿಲ್ ಒತ್ತಡ ಕನಿಷ್ಠ ಸುಮಾರು 500 ಪಿಎಸ್‌ಐ (ಒತ್ತಡದ ಅಳತೆ) ತಲುಪಬೇಕು. ಇಲ್ಲಿ ಆಯಿಲ್ ಬರಿಯ ಜಾರಿಕೆಯ ದ್ರವವಾಗಿ ಉಳಿಯುವುದಿಲ್ಲ, ಇಂಧನ ವ್ಯವಸ್ಥೆಯ ಒಂದು ಭಾಗವೇ ಆಗಿಬಿಡುತ್ತದೆ. ಹಳೆಯ ಆಯಿಲ್‌ನ ಜಿಡ್ಡು ಇಂಜೆಕ್ಟರ್ ಒಳಗೆ ಆಯಿಲ್ ಬಿಡುವ ಸಣ್ಣ ವಾಲ್ವ್‌ಗೆ ಅಂಟಿಕೊಂಡರೆ ಬೆಳಿಗ್ಗೆ ಎಂಜಿನ್ ಕುಂಟುತ್ತದೆ, ಬಿಳಿ ಹೊಗೆ ಬರುತ್ತದೆ, ಬಿಸಿಯಾದಂತೆ ತಾನೇ ಸರಿಹೋಗುತ್ತದೆ. ಈ ಲಕ್ಷಣಕ್ಕೆ 5ಡಬ್ಲ್ಯು-40 ಸಿಂಥೆಟಿಕ್ ಮತ್ತು ತಡಮಾಡದ ಆಯಿಲ್ ಬದಲಾವಣೆ ನಿಜವಾದ ಪರಿಹಾರ. ಇಂಜೆಕ್ಟರ್ ಬದಲಿಸುವ ಖರ್ಚಿಗೆ ಕೈಹಾಕುವ ಮುನ್ನ ಇದನ್ನು ಮಾಡಿ ನೋಡುವುದು ಬುದ್ಧಿವಂತಿಕೆ.

ಲಕ್ಷಣ ಇದಕ್ಕೆ ವಿರುದ್ಧವಾಗಿದ್ದರೆ, ಅಂದರೆ ತಣ್ಣಗಿದ್ದಾಗ ಸ್ಟಾರ್ಟ್ ಆಗಿ, ಬಿಸಿಯಿದ್ದಾಗ ಆರಿಸಿದರೆ ಮತ್ತೆ ಹತ್ತಿಕೊಳ್ಳದಿದ್ದರೆ, ಆಯಿಲ್‌ನ ಜಾತಿ ಹುಡುಕುವುದನ್ನು ನಿಲ್ಲಿಸಿ. ಬಿಸಿಯಾಗಿ ತೆಳುವಾದ ಆಯಿಲ್ ಹೈ ಪ್ರೆಷರ್ ಭಾಗದ ಯಾವುದೋ ಸೀಲ್ ಅಥವಾ ಜೋಡಣೆಯಲ್ಲಿ ಸೋರಿಹೋಗಿ 500 ಪಿಎಸ್‌ಐ ಏರದೆ ಉಳಿಯುತ್ತಿದೆ. 6.0ದಲ್ಲಿ ಇದು ಚಿರಪರಿಚಿತ ದೋಷ. ಗಟ್ಟಿ ಆಯಿಲ್ ಹಾಕಿದರೆ ಕೆಲವು ದಿನ ಸ್ಟಾರ್ಟ್ ಆಗಬಹುದು, ಅಷ್ಟರಲ್ಲಿ ಸೋರಿಕೆ ದೊಡ್ಡದಾಗುತ್ತದೆ. ಸ್ಕ್ಯಾನರ್ ಹಾಕಿ, ಎಂಜಿನ್ ತಿರುಗಿಸುತ್ತ ಆ ಒತ್ತಡದ ಅಂಕಿಯನ್ನು ನೇರವಾಗಿ ಓದುವುದೇ ಸರಿಯಾದ ಮಾರ್ಗ.

ಬಿಸಿಯಾದಾಗ ಪ್ರೆಷರ್ ಇಳಿಯುತ್ತದೆ

ಡ್ಯಾಶ್‌ಬೋರ್ಡ್ ಮುಳ್ಳನ್ನು ನಂಬಬೇಡಿ. ಕೆಲವು ಹಳೆಯ ಪಿಕಪ್‌ಗಳಲ್ಲಿ ಆ ಮುಳ್ಳಿನ ಹಿಂದೆ ಇರುವುದು ಬರೀ ಒಂದು ಸ್ವಿಚ್. ಒತ್ತಡ ಕನಿಷ್ಠ ಮಿತಿಗಿಂತ ಮೇಲಿದ್ದರೆ ಮುಳ್ಳು ನಡುವೆ ನಿಲ್ಲುತ್ತದೆ, ಇಲ್ಲದಿದ್ದರೆ ಬೀಳುತ್ತದೆ. ಸೆನ್ಸರ್ ಜಾಗದಲ್ಲಿ ಮೆಕ್ಯಾನಿಕಲ್ ಗೇಜ್ ಕೂರಿಸಿ, ಎಂಜಿನ್ ಪೂರ್ತಿ ಬಿಸಿಯಾದ ಮೇಲೆ ಐಡಲ್‌ನಲ್ಲೂ ಎತ್ತರಿಸಿದ ವೇಗದಲ್ಲೂ ಅಳೆದು, ತಯಾರಕರ ಕೈಪಿಡಿಯ ಅಂಕಿಯೊಡನೆ ಹೋಲಿಸಬೇಕು. ಉದಾಹರಣೆಗೆ ಕಮಿನ್ಸ್ 5.9ರಲ್ಲಿ ಐಡಲ್‌ಗೆ 10 ಪಿಎಸ್‌ಐ, 2,500 ಆರ್‌ಪಿಎಂಗೆ 30 ಪಿಎಸ್‌ಐ ಕನಿಷ್ಠ. ಬೇರೆ ಎಂಜಿನ್‌ನಲ್ಲಿ ಹೆಚ್ಚು ಅಂಕಿ ನೋಡಿ ಅಭ್ಯಾಸವಾದವರಿಗೆ ಈ 10 ಅಪಾಯದಂತೆ ಕಾಣುತ್ತದೆ, ಆದರೆ ಆ ಎಂಜಿನ್‌ಗೆ ಅದು ಸಾಕು.

ಗೇಜ್ ಕೂಡ ಕಡಿಮೆ ತೋರಿಸಿದರೆ ಡಿಪ್‌ಸ್ಟಿಕ್ ಎಳೆದು ಆಯಿಲ್ ಮೂಸಿ ನೋಡಿ. ಡೀಸೆಲ್ ವಾಸನೆ ಇದ್ದರೆ ಮುಂದಿನ ಭಾಗಕ್ಕೆ ಹೋಗಿ, ಕಾರಣ ಅಲ್ಲಿದೆ. ವಾಸನೆ ಇಲ್ಲ, ಮಟ್ಟ ಸರಿ, ಗ್ರೇಡ್ ಸರಿ ಎಂದಾದರೆ ಉಳಿಯುವುದು ಪಂಪ್, ಹೆಚ್ಚಿದ ಒತ್ತಡ ಬಿಡುವ ರಿಲೀಫ್ ವಾಲ್ವ್, ಬೇರಿಂಗ್ ಸವೆತ.

ಡಬ್ಲ್ಯು ನಂತರದ ಅಂಕಿ ಬಿಸಿಗೆ ಸಂಬಂಧಿಸಿದ್ದು. 40ರ ಗ್ರೇಡ್ ಎಂದರೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸ್ನಿಗ್ಧತೆ, ಅಂದರೆ ಗಟ್ಟಿತನ, 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗೆ ಇರಬೇಕು. ಮಿನರಲ್ 15ಡಬ್ಲ್ಯು-40 ಆದರೂ ಸಿಂಥೆಟಿಕ್ 5ಡಬ್ಲ್ಯು-40 ಆದರೂ ಇದೇ ಕಟ್ಟು. ಹಾಗಾಗಿ ಹೊಸದಿರುವಾಗ ಎರಡೂ ಬಿಸಿ ಎಂಜಿನ್‌ನಲ್ಲಿ ಹೆಚ್ಚುಕಡಿಮೆ ಒಂದೇ ಪ್ರೆಷರ್ ತೋರಿಸುತ್ತವೆ. ಸಿಂಥೆಟಿಕ್ ತೆಳು, ಅದಕ್ಕೇ ಪ್ರೆಷರ್ ಬಿತ್ತು ಎಂಬ ಮಾತು ಗ್ರೇಡ್ ಒಂದೇ ಇರುವಾಗ ನಿಲ್ಲುವುದಿಲ್ಲ. 40ರಿಂದ 30ಕ್ಕೆ ಇಳಿದಿದ್ದರೆ ಮಾತ್ರ ಪ್ರೆಷರ್ ಇಳಿದದ್ದಕ್ಕೆ ಅರ್ಥವಿದೆ. ಆಗ ಕೇಳಬೇಕಾದದ್ದು ತಯಾರಕರು ಆ ಎಂಜಿನ್‌ಗೆ 30 ಒಪ್ಪಿದ್ದಾರೆಯೇ ಎಂಬುದನ್ನು.

ಆಯಿಲ್ ಮಟ್ಟ ಏರುತ್ತಿದೆ

ಸುಮ್ಮನೆ ಬಿಡಬಾರದ ಲಕ್ಷಣ ಇದು. ಆಯಿಲ್ ತಾನಾಗಿ ಹೆಚ್ಚಾಗುವುದಿಲ್ಲ. ಡೀಸೆಲ್ ಅಥವಾ ಕೂಲಂಟ್ ಅದರೊಳಗೆ ಸೇರುತ್ತಿದೆ. ಮಟ್ಟ ಮಿತಿಮೀರಿದರೆ ಆಯಿಲ್ ಬ್ರೀದರ್ (ಎಂಜಿನ್ ಒಳಗಿನ ಆವಿ ಹೊರಬಿಡುವ ಕೊಳವೆ) ಮೂಲಕ ಇನ್‌ಟೇಕ್, ಅಂದರೆ ಗಾಳಿ ಒಳಬರುವ ದಾರಿ, ಸೇರಿ, ಎಂಜಿನ್ ತನ್ನದೇ ಆಯಿಲನ್ನು ಇಂಧನವಾಗಿ ಸುಡುತ್ತ ಹತೋಟಿ ಮೀರಿ ಓಡಬಹುದು. ಆಗ ಕೀ ತಿರುಗಿಸಿದರೂ ಅದು ಆರುವುದಿಲ್ಲ. ಆದ್ದರಿಂದ ಗರಿಷ್ಠ ಗುರುತು ದಾಟಿರುವುದು ಕಂಡರೆ ಕಾರಣ ತಿಳಿಯುವವರೆಗೆ ಗಾಡಿ ಓಡಿಸಬೇಡಿ.

ಡೀಸೆಲ್ ಸೇರಲು ಸಾಮಾನ್ಯ ದಾರಿ ಡಿಪಿಎಫ್, ಅಂದರೆ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್. ಅದರಲ್ಲಿ ತುಂಬಿದ ಮಸಿಯನ್ನು ಸುಡಲು ಅನೇಕ ಎಂಜಿನ್‌ಗಳು ಸಿಲಿಂಡರ್‌ಗೆ ತಡವಾಗಿ ಹೆಚ್ಚುವರಿ ಡೀಸೆಲ್ ಸಿಂಪಡಿಸುತ್ತವೆ. ಅದರ ಒಂದು ಪಾಲು ಸಿಲಿಂಡರ್ ಗೋಡೆಗೆ ತಗುಲಿ, ರಿಂಗ್‌ಗಳನ್ನು ದಾಟಿ ಚೇಂಬರ್ ಸೇರುತ್ತದೆ. ದೂರದ ಓಟದಲ್ಲಿ ಈ ಸುಡುವಿಕೆ ಪೂರ್ಣಗೊಳ್ಳುತ್ತದೆ, ಬಿಸಿ ಆಯಿಲ್‌ನಿಂದ ಸ್ವಲ್ಪ ಡೀಸೆಲ್ ಆವಿಯಾಗಿಯೂ ಹೋಗುತ್ತದೆ. ಚಿಕ್ಕ ಚಿಕ್ಕ ಓಡಾಟದಲ್ಲಿ ಅದು ಅರ್ಧಕ್ಕೇ ನಿಂತು ಮತ್ತೆ ಮತ್ತೆ ಶುರುವಾಗುತ್ತದೆ, ಪ್ರತಿ ಸಲವೂ ಇನ್ನಷ್ಟು ಡೀಸೆಲ್ ಕೆಳಗಿಳಿಯುತ್ತದೆ. ಎರಡನೆಯ ದಾರಿ ಸೋರುವ ಇಂಜೆಕ್ಟರ್. ಸ್ಕ್ಯಾನರ್‌ನಲ್ಲಿ ಸುಡುವಿಕೆಗಳ ನಡುವಿನ ಅಂತರ ಮತ್ತು ಪ್ರತಿ ಸಿಲಿಂಡರ್‌ನ ಇಂಧನ ತಿದ್ದುಪಡಿ ನೋಡಿದರೆ ಎರಡನ್ನೂ ಬೇರ್ಪಡಿಸಬಹುದು: ಒಂದೇ ಸಿಲಿಂಡರ್‌ನ ಅಂಕಿ ಉಳಿದವುಗಳಿಂದ ದೂರ ಸರಿದಿದ್ದರೆ ಇಂಜೆಕ್ಟರ್ ಮೇಲೆ ಅನುಮಾನ.

ಆಯಿಲ್‌ನಲ್ಲಿ ಡೀಸೆಲ್ ಶೇಕಡಾ 5ರ ಹತ್ತಿರ ಬಂದರೆ ಅದನ್ನು ಉಳಿಸಿಕೊಳ್ಳಬಾರದು. ಇಲ್ಲಿ ಸಿಂಥೆಟಿಕ್ ಯಾವ ರಕ್ಷಣೆಯನ್ನೂ ಕೊಡುವುದಿಲ್ಲ, ಡೀಸೆಲ್ ಅದನ್ನೂ ಅಷ್ಟೇ ತೆಳುಮಾಡುತ್ತದೆ. ದುಬಾರಿ ಆಯಿಲ್ ಹಾಕಿದ್ದೇನೆ, ಇನ್ನೊಂದಿಷ್ಟು ದೂರ ಓಡಲಿ ಎಂಬ ಯೋಚನೆ ಹಾನಿಯನ್ನು ಹೆಚ್ಚಿಸುತ್ತದೆ. ಇಂಥ ಗಾಡಿಗೆ ಸರಿಯಾದ ವರ್ಗದ ಅಗ್ಗದ ಆಯಿಲನ್ನು ಬೇಗ ಬೇಗ ಬದಲಾಯಿಸುವುದೇ ಒಳ್ಳೆಯದು ಎಂಬುದು ನನ್ನ ನಿಲುವು. ಇದನ್ನು ಹೇಳಿದಾಗ ಸಿಂಥೆಟಿಕ್ ಭಕ್ತರು ಮುಖ ಗಂಟಿಕ್ಕುತ್ತಾರೆ, ಇರಲಿ.

ಕೂಲಂಟ್ ಸೇರಿದ್ದರೆ ರೇಡಿಯೇಟರ್ ಮಟ್ಟ ಇಳಿದಿರುತ್ತದೆ, ಆಯಿಲ್ ಕಲಕಿದಂತೆ ಬೂದು ಅಥವಾ ಕಂದು ನೊರೆಯಾಗಿರಬಹುದು. ಮುಚ್ಚಳದ ಒಳಬದಿಯಲ್ಲಿ ಮಾತ್ರ ಸ್ವಲ್ಪ ನೊರೆ ಕಂಡರೆ ಅದು ಚಳಿಯಲ್ಲಿ ಚಿಕ್ಕ ಓಡಾಟದಿಂದ ಕಟ್ಟಿದ ತೇವಾಂಶವೂ ಆಗಿರಬಹುದು. ಬಿಸಿ ಲೋಹದ ತಟ್ಟೆಯ ಮೇಲೆ ಒಂದು ಹನಿ ಆಯಿಲ್ ಬಿಟ್ಟರೆ ನೀರಿದ್ದಲ್ಲಿ ಚಟಪಟ ಎನ್ನುತ್ತದೆ. ಕಣ್ಣಿಗೆ ಕನ್ನಡಕ ಇರಲಿ. ಕೂಲಂಟ್ ಖಚಿತವಾದರೆ ಆಯಿಲ್ ಕೂಲರ್, ಹೆಡ್ ಗ್ಯಾಸ್ಕೆಟ್, ಇಜಿಆರ್ ಕೂಲರ್ (ಎಂಜಿನ್‌ಗೆ ಮರಳಿಸುವ ಹೊಗೆಯನ್ನು ತಣಿಸುವ ಭಾಗ) ಪರೀಕ್ಷಿಸಬೇಕು. ಅದು ರಿಪೇರಿಯಾಗುವವರೆಗೆ ಯಾವ ಆಯಿಲ್ ಎಂಬ ಚರ್ಚೆಯೇ ವ್ಯರ್ಥ.

ಸಿಂಥೆಟಿಕ್ ಹಾಕಿದ ಮೇಲೆ ಸೋರುತ್ತಿದೆ

ಈ ದೂರಿನಲ್ಲಿ ಸ್ವಲ್ಪ ಸತ್ಯವಿದೆ. ಹಳೆಯ ಕಾಲದ ಕೆಲವು ಸಿಂಥೆಟಿಕ್‌ಗಳು ರಬ್ಬರ್ ಸೀಲ್‌ಗಳನ್ನು ಕುಗ್ಗಿಸುತ್ತಿದ್ದವು. ಇಂದಿನ ಆಯಿಲ್‌ಗಳಲ್ಲಿ ಅದನ್ನು ತಡೆಯುವ ಅಂಶ ಬೆರೆಸಿರುತ್ತಾರೆ. ಈಗ ನಡೆಯುವುದು ಬೇರೆ: ಗಟ್ಟಿಯಾಗಿ ಬಿರುಕುಬಿಟ್ಟ ಹಳೆಯ ಸೀಲ್‌ನ ಸಂದಿಯನ್ನು ವರ್ಷಗಳ ಮಡ್ಡಿ ಮುಚ್ಚಿಕೊಂಡಿರುತ್ತದೆ. ಹೊಸ ಆಯಿಲ್ ಅದನ್ನು ಕರಗಿಸುತ್ತದೆ, ಸಂದಿ ತೆರೆಯುತ್ತದೆ. ಹಿಂದಿನ ಆಯಿಲ್‌ಗೆ ಮರಳಿದರೂ ಹೋದ ಮಡ್ಡಿ ಬರುವುದಿಲ್ಲ. ಎಂಜಿನ್ ತೊಳೆದು ಒರೆಸಿ, ಸ್ವಲ್ಪ ಓಡಿಸಿ, ಮೇಲಿನಿಂದ ಕೆಳಕ್ಕೆ ಹುಡುಕುತ್ತ ಬನ್ನಿ. ಆಯಿಲ್ ಯಾವಾಗಲೂ ಕೆಳಕ್ಕೂ ಗಾಳಿಗೆ ಹಿಂದಕ್ಕೂ ಹರಿಯುವುದರಿಂದ ತೊಟ್ಟಿಕ್ಕುವ ಜಾಗ ಸೋರುವ ಜಾಗವಾಗಿರುವುದು ಅಪರೂಪ. ಡ್ರೇನ್ ಪ್ಲಗ್‌ನ ವಾಷರ್, ಫಿಲ್ಟರ್‌ನ ಹಳೆಯ ರಬ್ಬರ್ ರಿಂಗ್ ಅಂಟಿಕೊಂಡು ಹೊಸದು ಅದರ ಮೇಲೆ ಕೂತಿರುವುದು ಇವೆರಡನ್ನು ಮೊದಲು ನೋಡಿ.

ಹೊರಗೆ ಸೋರಿಕೆಯಿಲ್ಲದೆ ಮಟ್ಟ ಇಳಿಯುತ್ತಿದ್ದರೆ ಎಂಜಿನ್ ಆಯಿಲನ್ನು ಸುಡುತ್ತಿದೆ. ಟರ್ಬೊದಿಂದ ಇಂಟರ್‌ಕೂಲರ್‌ಗೆ ಹೋಗುವ ಪೈಪ್ ಬಿಚ್ಚಿದಾಗ ಒಳಗೆ ತೆಳುವಾದ ಪಸೆ ಇರುವುದು ಬ್ರೀದರ್‌ನಿಂದ ಬಂದದ್ದು, ಚಿಂತೆಯಿಲ್ಲ. ಆಯಿಲ್ ನಿಂತಿದ್ದರೆ ಟರ್ಬೊ ಸೀಲ್ ಅಥವಾ ಬ್ರೀದರ್ ಕಟ್ಟಿರುವುದು ಕಾರಣ. ಟರ್ಬೊ ವಿಷಯದಲ್ಲಿ ಸಿಂಥೆಟಿಕ್ ತನ್ನ ಬೆಲೆಗೆ ನ್ಯಾಯ ಒದಗಿಸುತ್ತದೆ. ಭಾರ ಎಳೆದು ಬಂದು ಒಮ್ಮೆಲೆ ಆರಿಸಿದರೆ ಬೇರಿಂಗ್‌ನಲ್ಲಿ ನಿಂತ ಆಯಿಲ್ ಬೆಂದು ಕರಕಾಗುತ್ತದೆ, ಈ ಬೇಯುವಿಕೆಯನ್ನು ಸಿಂಥೆಟಿಕ್ ಹೆಚ್ಚು ತಾಳುತ್ತದೆ. ಆರಿಸುವ ಮುನ್ನ ಕೆಲ ನಿಮಿಷ ಐಡಲ್‌ನಲ್ಲಿ ಬಿಡುವ ಅಭ್ಯಾಸ ಅದಕ್ಕಿಂತಲೂ ಹೆಚ್ಚು ಕೆಲಸ ಮಾಡುತ್ತದೆ, ಖರ್ಚೂ ಇಲ್ಲ.

ಡಿಪಿಎಫ್ ಮತ್ತೆ ಮತ್ತೆ ಕಟ್ಟಿಕೊಳ್ಳುತ್ತದೆ

ಮಸಿ ಸುಟ್ಟುಹೋಗುತ್ತದೆ, ಬೂದಿ ಹೋಗುವುದಿಲ್ಲ. ಆಯಿಲ್‌ನಲ್ಲಿನ ಲೋಹದ ಸಂಯುಕ್ತಗಳು ಸುಟ್ಟು ಉಳಿಯುವುದೇ ಈ ಬೂದಿ. 2006ರಲ್ಲಿ ಬಂದ ಸಿಜೆ-4 ವರ್ಗ ಸಲ್ಫೇಟೆಡ್ ಬೂದಿಗೆ ಶೇಕಡಾ 1.0ರ ಮಿತಿ ಹಾಕಿತು, 2016ರ ಡಿಸೆಂಬರ್‌ನಲ್ಲಿ ಬಂದ ಸಿಕೆ-4 ಅದನ್ನೇ ಮುಂದುವರಿಸಿತು. ಎಸಿಇಎ ಸಿ3 ಇನ್ನೂ ಬಿಗಿ, ಶೇಕಡಾ 0.8. ಹಳೆಯ ವರ್ಗದ ಬೂದಿ ಹೆಚ್ಚಿರುವ ಸಿಂಥೆಟಿಕ್‌ಗಿಂತ ಸಿಕೆ-4 ಮಿನರಲ್ ಡಿಪಿಎಫ್‌ಗೆ ಖಂಡಿತ ಒಳ್ಳೆಯದು. ಇಂಧನವೂ ಲೆಕ್ಕಕ್ಕೆ ಬರುತ್ತದೆ: ಡೀಸೆಲ್‌ನ ಗಂಧಕ 15 ಪಿಪಿಎಂ ಮೀರಿದರೆ ಈ ಆಯಿಲ್‌ಗಳ ಬದಲಾವಣೆಯ ಅವಧಿಯನ್ನು ತಗ್ಗಿಸಬೇಕಾಗಬಹುದು.

ಅನುಮಾನ ತೀರದಿದ್ದರೆ ಪ್ರಯೋಗಾಲಯ

ಇಷ್ಟೆಲ್ಲ ಆದಮೇಲೂ ಉತ್ತರ ಸಿಗದಿದ್ದರೆ ಬಳಸಿದ ಆಯಿಲ್‌ನ ಮಾದರಿ ಕಳಿಸಿ. ಎಂಜಿನ್ ಬಿಸಿಯಿರುವಾಗ, ಡ್ರೇನ್ ಪ್ಲಗ್‌ನಿಂದ ಮೊದಲ ಹರಿವನ್ನು ಬಿಟ್ಟು ನಡುವಿನ ಹರಿವನ್ನು ಹಿಡಿಯಬೇಕು. ವರದಿಯಲ್ಲಿ ಸಿಲಿಕಾನ್ ಜೊತೆ ಅಲ್ಯೂಮಿನಿಯಂ ಏರಿದ್ದರೆ ಏರ್ ಫಿಲ್ಟರ್ ಕಡೆಯಿಂದ ದೂಳು ಬರುತ್ತಿದೆ. ಸೋಡಿಯಂ, ಪೊಟ್ಯಾಸಿಯಂ ಏರಿದ್ದರೆ ಕೂಲಂಟ್. ಕಬ್ಬಿಣ ಏರಿದ್ದರೆ ಸಿಲಿಂಡರ್, ಕ್ಯಾಮ್‌ನಂಥ ಕಬ್ಬಿಣ, ಉಕ್ಕಿನ ಭಾಗಗಳ ಸವೆತ. ತಾಮ್ರವೊಂದೇ ಏರಿದ್ದರೆ ಬೇರಿಂಗ್ ಹೋಯಿತೆಂದು ಎಂಜಿನ್ ಬಿಚ್ಚಬೇಡಿ. ಹೊಸ ಆಯಿಲ್ ಕೂಲರ್‌ನಿಂದ ಅದು ನಿರಪಾಯವಾಗಿ ಬಿಡುಗಡೆಯಾಗುವುದುಂಟು. ಒಂದು ವರದಿಗಿಂತ ಸತತ ಎರಡು ಮೂರು ವರದಿಗಳ ಏರಿಳಿತ ಹೆಚ್ಚು ಹೇಳುತ್ತದೆ. ಆಯಿಲ್‌ನಲ್ಲಿ ಉಳಿದ ಕ್ಷಾರದ ಅಂಕಿ, ಅಂದರೆ ಟಿಬಿಎನ್, ಇನ್ನೂ ಚೆನ್ನಾಗಿದ್ದರೆ ಮಾತ್ರ ಬದಲಾವಣೆಯ ಅವಧಿ ಹಿಗ್ಗಿಸುವ ಮಾತನ್ನು ಎತ್ತಬಹುದು.

ಕೊನೆಗೆ ಯಾವುದು?

ಎಂಜಿನ್ ಆರೋಗ್ಯವಾಗಿದೆ, ಹವೆ ತೀರ ತಣ್ಣಗಿಲ್ಲ, ಭಾರ ಮಿತವಾಗಿದೆ, ಬದಲಾವಣೆ ಸಮಯಕ್ಕೆ ಆಗುತ್ತದೆ ಎಂದಾದರೆ ಸರಿಯಾದ ವರ್ಗದ ಮಿನರಲ್ 15ಡಬ್ಲ್ಯು-40 ಸಾಕು. ಕೊರೆಯುವ ಚಳಿ, ನಿತ್ಯ ಟ್ರೇಲರ್ ಎಳೆಯುವಿಕೆ, ಆಯಿಲ್ ಒತ್ತಡದಿಂದ ಕೆಲಸ ಮಾಡುವ ಇಂಜೆಕ್ಟರ್, ಇವುಗಳಲ್ಲಿ ಒಂದಿದ್ದರೂ 5ಡಬ್ಲ್ಯು-40 ಸಿಂಥೆಟಿಕ್‌ಗೆ ಹಣ ಹಾಕಬಹುದು. ಎರಡನ್ನೂ ಬೆರೆಸಿದರೆ ಎಂಜಿನ್ ಕೆಡುತ್ತದೆ ಎಂಬುದು ಸುಳ್ಳು. ಒಂದೇ ವರ್ಗದ ಎರಡು ಆಯಿಲ್‌ಗಳು ಬೆರೆಯುತ್ತವೆ, ದಾರಿಯಲ್ಲಿ ಟಾಪ್ ಅಪ್ ಮಾಡಲು ಹಿಂಜರಿಯಬೇಡಿ.

ಎರಡು ಎಚ್ಚರಿಕೆಗಳು ಬಾಕಿ. ಸಿಕೆ-4 ಜೊತೆಗೇ ಬಂದ ಎಫ್ಎ-4 ವರ್ಗ ಇಂಧನ ಉಳಿತಾಯಕ್ಕಾಗಿ ಮಾಡಿದ ತೆಳು ಆಯಿಲ್; ತಯಾರಕರು ಹೆಸರಿಸಿ ಒಪ್ಪಿರದಿದ್ದರೆ ಅದನ್ನು ಹಾಕಬಾರದು, ಡಬ್ಬ ಸಿಂಥೆಟಿಕ್ ಎಂದರೂ ಸರಿಯೇ. ಎರಡನೆಯದು, ಎಪಿಐ ವರ್ಗ ಹೊಂದಿದ ಮಾತ್ರಕ್ಕೆ ತಯಾರಕರ ಅನುಮೋದನೆ ಸಿಕ್ಕಂತಲ್ಲ. ಸಿಕೆ-4 ಬಂದಾಗ ರಂಜಕ ಕಡಿಮೆಯಿರುವ ಕೆಲವು ಆಯಿಲ್‌ಗಳಲ್ಲಿ ಸವೆತದ ಆತಂಕವಿದೆ ಎಂದು ಫೋರ್ಡ್ ತನ್ನ ಡೀಸೆಲ್ ಎಂಜಿನ್‌ಗಳಿಗೆ ಡಬ್ಲ್ಯುಎಸ್‌ಎಸ್-ಎಂ2ಸಿ171-ಎಫ್1 ಎಂಬ ಪ್ರತ್ಯೇಕ ಮಾನದಂಡವನ್ನೇ ತಂದಿತು. ಆ ಸಂಖ್ಯೆ ಮಿನರಲ್ ಡಬ್ಬಗಳ ಮೇಲೂ ಸಿಗುತ್ತದೆ, ಕೆಲವು ಸಿಂಥೆಟಿಕ್ ಡಬ್ಬಗಳ ಮೇಲೆ ಇರುವುದಿಲ್ಲ. ನಿಮ್ಮ ಗಾಡಿಯ ಮಾಲೀಕರ ಕೈಪಿಡಿಯಲ್ಲಿ ಇಂಥ ಸಂಖ್ಯೆ ಇದ್ದರೆ ಅದನ್ನು ಬರೆದುಕೊಂಡು ಹೋಗಿ ಡಬ್ಬದ ಹಿಂಬದಿಯಲ್ಲಿ ಹುಡುಕಿ.